ಮಡಕೆಗೆ ಕುಂಬಾರ ಇದ್ದಾನೆ, ಹುತ್ತಕ್ಕೆ?

ಮಾನ್ಯ ಸಂಪಾದಕರೇ,

ಎರಡು ವಾರದಿಂದ ನಿಮ್ಮ ಓದುಗರ ಪತ್ರಗಳಲ್ಲಿ ದೇವರು ಇದ್ದಾನೋ ಇಲ್ಲವೋ ಎಂಬ ಜಗಳ ನಡೆಯುತ್ತಿದೆ. ಮೊದಲು ಬರೆದವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು. ಮಡಕೆ ಇದ್ದ ಮೇಲೆ ಕುಂಬಾರ ಇರಲೇಬೇಕು, ಜಗತ್ತು ಇದ್ದ ಮೇಲೆ ದೇವರು ಇರಲೇಬೇಕು, ಇಷ್ಟೂ ಅರ್ಥವಾಗದವರ ಜೊತೆ ಮಾತು ಬೇಡ ಎಂದು. ಮೂರು ದಿನ ಬಿಟ್ಟು ಬಂದ ಉತ್ತರದಲ್ಲಿ, ದೇವರನ್ನು ನಂಬುವವರೆಲ್ಲ ಪುಕ್ಕಲರು, ನಾಲ್ಕು ಪುಸ್ತಕ ಓದಿದರೆ ತಾನಾಗಿಯೇ ಬಿಡುತ್ತಾರೆ ಎಂದಿತ್ತು. ಎರಡನ್ನೂ ಓದಿ ಬೇಜಾರಾಯಿತು. ಸುಮ್ನೆ ಇರೋಣ ಅಂತಲೇ ಇದ್ದೆ. ಆದರೆ ನಾನು ಕುಂಬಾರರ ಮನೆಯವನು. ಮಡಕೆಯ ಹೆಸರು ಎತ್ತಿದ ಮೇಲೆ ನನಗೂ ಎರಡು ಮಾತು ಆಡುವ ಹಕ್ಕಿದೆ ಅನ್ನಿಸಿತು. ಪತ್ರ ಉದ್ದವಾಗಿದೆ. ಜಾಗ ಇಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಆಸ್ಪತ್ರೆಯ ಭಾಗ ಮಾತ್ರ ದಯವಿಟ್ಟು ಉಳಿಸಿ.

ನಾನು ಬೆಳೆದದ್ದು ಬೆಂಗಳೂರಿನ ಪಾಟರಿ ಟೌನಿನಲ್ಲಿ, ಸೋದರಮಾವನ ಮನೆಯಲ್ಲಿ. ಮನೆ ಮುಂದೆ ಮಡಕೆ ತಿರುಗಿಸುವ ತಿಗರಿ, ಹಿಂದೆ ಮಡಕೆ ಸುಡುವ ಆವಿಗೆ. ಶಾಲೆಯಿಂದ ಬಂದವನೇ ಚೀಲ ಎಸೆದು ಮಣ್ಣು ತುಳಿಯಲು ನಿಲ್ಲುತ್ತಿದ್ದೆ. ಮಣ್ಣಿನಲ್ಲಿ ಒಂದು ಸಣ್ಣ ಕಲ್ಲು ಉಳಿದರೂ ಮಡಕೆ ಬೆಂಕಿಯಲ್ಲಿ ಸಿಡಿಯುತ್ತದೆ. ಅದಕ್ಕೇ ಕಾಲ್ಬೆರಳಿನಲ್ಲಿ ಹುಡುಕಿ ಹುಡುಕಿ ತೆಗೆಯಬೇಕು. ಮಾವ ಮುದ್ದೆ ಇಟ್ಟು, ಕೋಲಿನಿಂದ ತಿಗರಿ ತಿರುಗಿಸಿ, ಎರಡು ಹೆಬ್ಬೆರಳು ಒಳಗೆ ಒತ್ತಿದರೆ ಮಣ್ಣು ತಾನೇ ಎದ್ದು ಬಂದ ಹಾಗೆ ಕಾಣುತ್ತಿತ್ತು. ದಾರದಿಂದ ಅಡಿ ಕೊಯ್ದು ಎತ್ತುತ್ತಿದ್ದರು. ಆಮೇಲೆ ಅತ್ತೆಯ ಕೆಲಸ. ಒಳಗೆ ಕಲ್ಲು ಹಿಡಿದು ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ಮಡಕೆಗೆ ಹೊಟ್ಟೆ ಬರಿಸುವುದು. ಆವಿಗೆ ತೆರೆದ ಬೆಳಿಗ್ಗೆ ನನ್ನ ಕೆಲಸ ಒಂದೇ, ಒಂದೊಂದು ಮಡಕೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ, ಕಣ್ಣಿಗೆ ಕಾಣದಿದ್ದರೂ ಇದೆ. ಭಾದ್ರಪದ ಹತ್ತಿರ ಬಂದರೆ ಮಡಕೆ ನಿಂತು ಗಣೇಶ ಶುರುವಾಗುತ್ತಿತ್ತು. ಕಣ್ಣು ಬರೆಯುವುದನ್ನು ಮಾವ ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಆ ದಿನ ಸ್ನಾನ ಮಾಡದೆ ಕುಂಚ ಮುಟ್ಟುತ್ತಿರಲಿಲ್ಲ. ಕಣ್ಣು ಬರೆದ ಮೇಲೆ ಆ ಮೂರ್ತಿಗೆ ಬೆನ್ನು ಹಾಕಿ ಕೂರುತ್ತಲೂ ಇರಲಿಲ್ಲ. ತಾವೇ ಮಾಡಿದ್ದು, ತಾವೇ ಕೈ ಮುಗಿಯುತ್ತಿದ್ದರು. ನನಗೆ ಆಗ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ, ಈಗಲೂ ಕಾಣುವುದಿಲ್ಲ.

ಮಡಕೆಯಿಂದ ಕುಂಬಾರನಿಗೆ ಹೋಗುವ ವಾದ ನಿನ್ನೆ ಮೊನ್ನೆಯದಲ್ಲ. ತರ್ಕವನ್ನೇ ಮುಖ್ಯ ಮಾಡಿಕೊಂಡ ನಮ್ಮ ನ್ಯಾಯ ದರ್ಶನದವರು ಅದನ್ನು ನೂರಾರು ವರ್ಷ ಉಜ್ಜಿ ಉಜ್ಜಿ ಹೊಳಪು ಕೊಟ್ಟವರು. ಹತ್ತನೇ ಶತಮಾನದ ಹೊತ್ತಿನ ಮಿಥಿಲೆಯ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ದೇವರಿದ್ದಾನೆ ಎನ್ನಲು ಹಲವು ಕಾರಣ ಕೊಡುತ್ತಾರೆ. ಅದರಲ್ಲಿ ಮೊದಲನೆಯದು ಇದೇ. ಭೂಮಿ ಮುಂತಾದವು ಒಂದು ಕಾಲಕ್ಕೆ ಉಂಟಾದವು, ಉಂಟಾದದ್ದಕ್ಕೆ ಉಂಟುಮಾಡಿದವನು ಬೇಕು, ಮಡಕೆಗೆ ಬೇಕಾದ ಹಾಗೆ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಇದಕ್ಕೆ ಹತ್ತಿರದ ಮಾತನ್ನೇ ಗಡಿಯಾರ ಇಟ್ಟುಕೊಂಡು ಹೇಳಿದರು. ಬಯಲಿನಲ್ಲಿ ಗಡಿಯಾರ ಸಿಕ್ಕರೆ ಅದನ್ನು ಯಾರೋ ಮಾಡಿದ್ದಾರೆ ಅನ್ನುತ್ತೀರಿ ತಾನೇ, ಹಾಗಾದರೆ ಕಣ್ಣಿನಂಥ ಕಣ್ಣನ್ನು ನೋಡಿ ಯಾಕೆ ಹಾಗನ್ನಬಾರದು ಎಂದು. ಇದು ದಡ್ಡರ ವಾದ ಅಲ್ಲವೇ ಅಲ್ಲ. ತುಂಬಾ ವರ್ಷ ನಾನೂ ಇದನ್ನೇ ನಂಬಿಕೊಂಡಿದ್ದೆ, ಅದೂ ಹೆಮ್ಮೆಯಿಂದ. ದೇವರಿದ್ದಾನೆ ಅನ್ನುವುದಕ್ಕೆ ಸಾಕ್ಷಿ ನಮ್ಮ ಮಾವನ ತಿಗರಿಯೇ ಆಯಿತಲ್ಲ ಅಂತ.

ಆ ನಂಬಿಕೆಯನ್ನು ಅಲುಗಾಡಿಸಿದವರು ನಾಸ್ತಿಕರಲ್ಲ. ಕೆಲಸ ಸಿಕ್ಕಿ ನಾನು ಬಸವನಗುಡಿ ಕಡೆ ಮನೆ ಮಾಡಿದ ಮೇಲೆ ಕೃಷ್ಣರಾವ್ ಪಾರ್ಕಿನಲ್ಲಿ ಪರಿಚಯವಾದ ಒಬ್ಬ ಸಂಸ್ಕೃತ ಮೇಷ್ಟ್ರು. ಮೇಲುಕೋಟೆ ಕಡೆಯವರು, ದಿನಾ ತಪ್ಪದೆ ನಾಮ ಇಟ್ಟುಕೊಳ್ಳುವ ಶ್ರೀವೈಷ್ಣವರು. ಇಪ್ಪತ್ತು ವರ್ಷ ಬೆಳಗಿನ ವಾಕಿಂಗ್ ಮುಗಿಸಿ ಒಂದೇ ಬೆಂಚಿನಲ್ಲಿ ಕೂತು ಮಾತಾಡಿದ್ದೇವೆ. ನಾನು ಕುಂಬಾರರ ಹುಡುಗ ಅಂತ ಗೊತ್ತಾದ ದಿನ ಅವರು ಕೇಳಿದ್ದು, ‘ಹುತ್ತ ನೋಡಿದ್ದೀರಲ್ಲ, ಅದೂ ಮಣ್ಣೇ ಅಲ್ವಾ, ಅದನ್ನು ಯಾವ ಕುಂಬಾರ ಮಾಡಿದ?’

ಈ ಪ್ರಶ್ನೆ ಅವರದ್ದಲ್ಲ, ಏಳನೇ ಶತಮಾನದ ಬೌದ್ಧ ಪಂಡಿತ ಧರ್ಮಕೀರ್ತಿಯದು. ಮಣ್ಣಿಗೆ ಒಂದು ಆಕಾರ ಬಂದಿದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಕುಂಬಾರ ಮಾಡಿದ್ದು ಅನ್ನುವುದಾದರೆ ಹುತ್ತವನ್ನೂ ಕುಂಬಾರನೇ ಮಾಡಿದ ಅನ್ನಬೇಕಾಗುತ್ತದೆ ಎನ್ನುತ್ತಾನೆ ಅವನು. ಮಡಕೆ ನೋಡಿದ ತಕ್ಷಣ ಕುಂಬಾರನನ್ನು ನೆನೆಯುತ್ತೇವಲ್ಲ, ಅದಕ್ಕೆ ಕಾರಣ ಮಡಕೆಯ ಆಕಾರ ಅಲ್ಲ. ಕುಂಬಾರ ಮಡಕೆ ಮಾಡುವುದನ್ನು ನಾವು ಸಾವಿರ ಸಲ ಕಣ್ಣಾರೆ ಕಂಡಿದ್ದೇವೆ, ಅದು ಕಾರಣ. ಜಗತ್ತುಗಳನ್ನು ಯಾರೋ ಮಾಡುವುದನ್ನು ಒಂದು ಸಲವೂ ಕಂಡವರಿಲ್ಲ. ಹುತ್ತದ ವಿಷಯಕ್ಕೆ ಬಂದರೆ, ಅದರ ಒಳಗೆ ಗಾಳಿ ಆಡಲು ದಾರಿ, ಮರಿ ಸಾಕಲು ಜಾಗ, ಎಲ್ಲಾ ಇದೆ. ಆದರೆ ಯಾವ ಗೆದ್ದಲಿನ ತಲೆಯಲ್ಲೂ ಹುತ್ತದ ನಕ್ಷೆ ಇಲ್ಲ. ಒಂದೊಂದು ತನ್ನ ಚೂರು ಮಣ್ಣು ಇಟ್ಟು ಹೋಗುತ್ತದೆ, ಒಟ್ಟಾರೆ ಒಂದು ಮನೆ ಎದ್ದು ನಿಲ್ಲುತ್ತದೆ. ಪೇಲಿಯವರ ಕಣ್ಣಿಗೂ ಸುಮಾರಾಗಿ ಇದೇ ಉತ್ತರವನ್ನು ಡಾರ್ವಿನ್ 1859ರಲ್ಲಿ ಕೊಟ್ಟರು. ಸಣ್ಣ ಸಣ್ಣ ಬದಲಾವಣೆ, ಉಳಿದದ್ದು ಉಳಿದು, ಅಳಿದದ್ದು ಅಳಿದು, ಲಕ್ಷಾಂತರ ವರ್ಷ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾವು ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ಇಷ್ಟು ದಿನ ಹೇಗೆ ಇದ್ದೆವೋ ಅನ್ನಿಸಿತ್ತು ಆವತ್ತು.

ಇನ್ನು ನಮ್ಮ ಕನ್ನಡ ನೆಲದ್ದೇ ಒಂದು ಉದಾಹರಣೆ. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನಿಗೆ ಗುರುವಾಗಿದ್ದವರು ಜೈನ ಮುನಿ ಜಿನಸೇನಾಚಾರ್ಯರು. ಪಂಪ 941ರಲ್ಲಿ ಕನ್ನಡದಲ್ಲಿ ಆದಿಪುರಾಣ ಬರೆದದ್ದು ಇವರ ಸಂಸ್ಕೃತ ಪುರಾಣದ ಜಾಡಿನಲ್ಲೇ. ಆ ಸಂಸ್ಕೃತ ಪುರಾಣದಲ್ಲಿ ಜಿನಸೇನರು ಸೃಷ್ಟಿಕರ್ತನನ್ನು ಹಿಡಿದು ಕೇಳುವ ಪ್ರಶ್ನೆಗಳಿವೆಯಲ್ಲ, ಅವನ್ನು ಇವತ್ತು ಯಾರಾದರೂ ವೇದಿಕೆ ಮೇಲೆ ಕೇಳಿದರೆ ಮರುದಿನ ಠಾಣೆಗೆ ದೂರು ಹೋಗುತ್ತದೇನೋ. ಸೃಷ್ಟಿಗೆ ಮುಂಚೆ ಆ ದೇವರು ಎಲ್ಲಿದ್ದ? ಯಾವ ಸಾಮಾನು ಇಟ್ಟುಕೊಂಡು ಮಾಡಿದ? ಆ ಸಾಮಾನನ್ನೂ ಅವನೇ ಮಾಡಿದ ಅಂದರೆ ಅದಕ್ಕೆ ಸಾಮಾನು ಎಲ್ಲಿಂದ ಬಂತು? ಅದು ತಾನಾಗಿಯೇ ಇತ್ತು ಅಂದರೆ ಜಗತ್ತೂ ತಾನಾಗಿಯೇ ಇದೆ ಅನ್ನಲು ಏನು ಅಡ್ಡಿ? ಕೊನೆಗೆ ಅವರೂ ಕುಂಬಾರನನ್ನು ಕರೆಯುತ್ತಾರೆ. ದೇವರಿಗೆ ಯಾವ ಕೊರತೆಯೂ ಇಲ್ಲ ಅನ್ನುವುದಾದರೆ ಸೃಷ್ಟಿ ಮಾಡಬೇಕೆಂಬ ಆಸೆ ಅವನಿಗೆ ಯಾಕೆ ಬಂತು, ಕೊರತೆ ಇದೆ ಅನ್ನುವುದಾದರೆ ಒಬ್ಬ ಕುಂಬಾರನಿಂದ ಆಗದ್ದು ಅವನಿಂದ ಮಾತ್ರ ಹೇಗೆ ಆದೀತು ಎಂದು. ನಮ್ಮ ಮಾವ ಯಾಕೆ ಮಡಕೆ ಮಾಡುತ್ತಿದ್ದರು ಅಂತ ನನಗೆ ಗೊತ್ತು. ಸಂತೆಗೆ ಹಾಕಬೇಕು, ಅಕ್ಕಿ ತರಬೇಕು. ವೇದವನ್ನೇ ಪ್ರಮಾಣ ಅನ್ನುವ ಮೀಮಾಂಸಕ ಕುಮಾರಿಲ ಭಟ್ಟರೂ ಈ ಎಳೆಯನ್ನೇ ಹಿಡಿದವರು. ಉದ್ದೇಶವಿಲ್ಲದೆ ದಡ್ಡನೂ ಒಂದು ಕೆಲಸಕ್ಕೆ ಕೈ ಹಾಕುವುದಿಲ್ಲ ಎನ್ನುತ್ತಾರೆ. ಕರುಣೆಯಿಂದ ಸೃಷ್ಟಿ ಮಾಡಿದ ಅನ್ನುವಂತೆಯೂ ಇಲ್ಲ, ಸೃಷ್ಟಿಗೆ ಮುಂಚೆ ಕರುಣೆ ತೋರಿಸಲು ಯಾವ ಜೀವವೂ ಇರಲಿಲ್ಲವಲ್ಲ. ಇದನ್ನು ಹೇಳಿದ್ದು ವೇದ ವಿರೋಧಿ ಅಲ್ಲ, ವೇದಕ್ಕಾಗಿ ಬೌದ್ಧರ ಜೊತೆ ಜೀವಮಾನ ಇಡೀ ವಾದ ಮಾಡಿದ ಮನುಷ್ಯ. ಮೊದಲ ಪತ್ರ ಬರೆದ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು.

ಮೇಷ್ಟ್ರು ರಾಮಾನುಜರ ವಿಷಯ ಹೇಳಿದ ದಿನವನ್ನು ನಾನು ಮರೆಯುವುದಿಲ್ಲ. ಮೇಲುಕೋಟೆಯಲ್ಲಿ ಇಂದಿಗೂ ಯಾರ ಹೆಸರಿಲ್ಲದೆ ಒಂದು ದೀಪವೂ ಹತ್ತುವುದಿಲ್ಲವೋ ಆ ರಾಮಾನುಜರು, ದೇವರನ್ನು ಊಹೆಯಿಂದ, ತರ್ಕದಿಂದ ಸಾಧಿಸಲು ಆಗುವುದಿಲ್ಲ ಎಂದು ಬ್ರಹ್ಮಸೂತ್ರಕ್ಕೆ ತಾವು ಬರೆದ ಶ್ರೀಭಾಷ್ಯದಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಬೆಟ್ಟ, ಸಮುದ್ರ ಮಾಡಲ್ಪಟ್ಟವು ಅಂತಲೇ ಇಟ್ಟುಕೊಳ್ಳಿ, ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಒಬ್ಬನೇ ಮಾಡಿದ ಅಂತ ಹೇಗೆ ಹೇಳುತ್ತೀರಿ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಾರದೇಕೆ ಎಂದು ಕೇಳುತ್ತಾರೆ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಒಂದು ಮನೆ, ಒಂದು ಹಡಗು ಕಟ್ಟಲು ಎಷ್ಟೋ ಜನ ಸೇರುತ್ತಾರಲ್ಲ, ಜಗತ್ತಿಗೆ ಮಾತ್ರ ಒಬ್ಬನೇ ಯಾಕೆ ಎಂದು ಕೇಳಿದ ಪುಸ್ತಕ ಅಚ್ಚಾದದ್ದು 1779ರಲ್ಲಿ, ಅವರು ಸತ್ತು ಮೂರು ವರ್ಷವಾದ ಮೇಲೆ. ನಮ್ಮವರು ಅದಕ್ಕೆ ಆರು ನೂರು ವರ್ಷ ಮುಂಚೆಯೇ ಕೇಳಿಯಾಗಿತ್ತು. ನನಗಂತೂ ಇದು ಕೇಳಿದ ತಕ್ಷಣ ಸರಿ ಅನ್ನಿಸಿತು. ಒಂದು ಮಡಕೆಗೆ ಒಬ್ಬ ಕುಂಬಾರ ಅನ್ನುವವರು ಕುಂಬಾರರ ಮನೆ ನೋಡಿಲ್ಲ. ಕೆರೆಯಿಂದ ಮಣ್ಣು ತಂದವನು ಒಬ್ಬ, ತುಳಿದವನು ನಾನು, ತಿರುಗಿಸಿದ್ದು ಮಾವ, ಹೊಟ್ಟೆ ಬರಿಸಿದ್ದು ಅತ್ತೆ, ಸೌದೆ ಜೋಡಿಸಿದ್ದು ಪಕ್ಕದ ಮನೆಯವರು. ಹೆಸರು ಮಾತ್ರ ಮಾವನದು.

ಹಾಗಾದರೆ ನಿಮಗೆ ದೇವರು ಹೇಗೆ ಗೊತ್ತು ಮೇಷ್ಟ್ರೇ ಅಂದೆ. ಶಾಸ್ತ್ರದಿಂದ ಗೊತ್ತು, ತರ್ಕದಿಂದ ಅಲ್ಲ ಅಂದರು. ನನಗೆ ಶಾಸ್ತ್ರದಲ್ಲಿ ಅಷ್ಟು ನಂಬಿಕೆ ಇಲ್ಲವಲ್ಲ ಅಂದೆ. ‘ಹಾಗಾದರೆ ನಿಮಗೆ ಗೊತ್ತಿಲ್ಲ, ಅಷ್ಟೇ. ಗೊತ್ತಿಲ್ಲ ಅನ್ನುವುದರಲ್ಲಿ ಅವಮಾನ ಏನಿದೆ?’ ಅಂದು ಎದ್ದು ಹಾಲಿನ ಬೂತಿಗೆ ಹೋದರು. ಮಾರನೇ ದಿನ ಮತ್ತೆ ಅದೇ ಬೆಂಚು.

ಎರಡನೇ ಪತ್ರ ಬರೆದ ಯುವಕರಿಗೂ ನನ್ನದೊಂದು ತಕರಾರಿದೆ. ಕುಂಬಾರನ ವಾದ ಬಿತ್ತು ಅಂದರೆ ದೇವರಿಲ್ಲ ಅಂತ ಸಾಧಿಸಿದ ಹಾಗಲ್ಲ. ಒಂದು ಸಾಕ್ಷಿ ಬಿತ್ತು, ಅಷ್ಟೇ. ಸಾಕ್ಷಿ ಕೊಡುವ ಹೊಣೆ ದೇವರಿದ್ದಾನೆ ಅನ್ನುವವರದ್ದು ಎಂದು ನೀವು ಬರೆದಿದ್ದೀರಿ. ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1952ರಲ್ಲಿ ಬರೆದ ಟೀ ಕುಡಿಕೆಯ ಮಾತೂ ಅದೇ. ಭೂಮಿಗೂ ಮಂಗಳ ಗ್ರಹಕ್ಕೂ ನಡುವೆ ಯಾವ ದೂರದರ್ಶಕಕ್ಕೂ ಕಾಣದ ಒಂದು ಪಿಂಗಾಣಿ ಕುಡಿಕೆ ಸುತ್ತುತ್ತಿದೆ ಅಂತ ನಾನು ಅಂದರೆ, ಇಲ್ಲ ಅಂತ ಸಾಧಿಸು ನೋಡೋಣ ಎಂದು ನಿಮಗೆ ಸವಾಲು ಹಾಕಲು ಬರುವುದಿಲ್ಲ. ನಿಜ, ಒಪ್ಪಿದೆ. ಆದರೆ ಕುಡಿಕೆ ಇಲ್ಲದಿದ್ದರೂ ಆಕಾಶದ ಬಗ್ಗೆ ನನ್ನಲ್ಲಿ ಯಾವ ಪ್ರಶ್ನೆಯೂ ಬಾಕಿ ಉಳಿಯುವುದಿಲ್ಲ. ದೇವರ ವಿಷಯ ಹಾಗಲ್ಲ. ಜಗತ್ತಿಗೆ ಕುಂಬಾರ ಬೇಡ, ಹುತ್ತಕ್ಕೆ ಗೆದ್ದಲು ಸಾಕು, ಸರಿ. ಮಣ್ಣು ಯಾಕಿದೆ? ಏನೂ ಇಲ್ಲದೆ ಇರಬಹುದಿತ್ತಲ್ಲ, ಏನೋ ಒಂದು ಯಾಕೆ ಇದೆ? ಇದನ್ನು ಜರ್ಮನಿಯ ಲೈಬ್ನಿಟ್ಸ್ 1714ರಲ್ಲಿ ಕೇಳಿದರು. ಅವರಿಗೂ ಮುಂಚೆ ಶುರುವಾದದ್ದಕ್ಕೆಲ್ಲ ಕಾರಣ ಬೇಕು, ಜಗತ್ತೂ ಶುರುವಾದದ್ದು ಎಂದು ಇಸ್ಲಾಮಿನ ದೊಡ್ಡ ಪಂಡಿತ ಇಮಾಮ್ ಗಜ಼ಾಲಿ ವಾದ ಹೂಡಿದ್ದರು. ಅವರು ತೀರಿಕೊಂಡದ್ದು 1111ರಲ್ಲಿ.

ಬಿಗ್ ಬ್ಯಾಂಗ್ ಅನ್ನುವ ಮಹಾಸ್ಫೋಟದಿಂದ ಇದೆಲ್ಲಾ ತೀರ್ಮಾನವಾಗಿಹೋಗಿದೆ ಅಂತ ಎರಡೂ ಕಡೆಯವರು ಹೇಳುವುದನ್ನು ಕೇಳಿದ್ದೇನೆ. ಆ ಕಲ್ಪನೆಗೆ ತಳಪಾಯ ಹಾಕಿದವರಲ್ಲಿ ಒಬ್ಬರಾದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಸ್ವತಃ ಪಾದ್ರಿಯಾಗಿದ್ದವರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಇದನ್ನು ಸೃಷ್ಟಿಗೆ ಸಾಕ್ಷಿ ಅನ್ನುವ ಧಾಟಿಯಲ್ಲಿ ಮಾತಾಡಿದಾಗ ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ತನ್ನ ವಿಜ್ಞಾನವನ್ನು ದೇವರ ಪರವಾಗಿಯೂ ವಿರುದ್ಧವಾಗಿಯೂ ಎಳೆಯಬೇಡಿ ಅನ್ನುವ ಮನುಷ್ಯ ಅವರು. ನನಗೆ ಆ ಪಾದ್ರಿಯ ಮೇಲೆ ತುಂಬಾ ಗೌರವ. ಇನ್ನು ದೇವರು ಅಂದರೆ ಎಲ್ಲಕ್ಕಿಂತ ದೊಡ್ಡದು, ಇಲ್ಲದಿರುವುದಕ್ಕಿಂತ ಇರುವುದು ದೊಡ್ಡದು, ಆದ್ದರಿಂದ ಅವನು ಇರಲೇಬೇಕು ಎಂಬ ಹನ್ನೊಂದನೇ ಶತಮಾನದ ಕ್ರೈಸ್ತ ಪಂಡಿತ ಆನ್ಸೆಲ್ಮರ ವಾದ ನನಗೆ ಯಾವತ್ತೂ ರುಚಿಸಿಲ್ಲ. ಮನಸ್ಸಿನಲ್ಲಿ ನೂರು ನಾಣ್ಯ ಎಣಿಸಿದರೆ ಜೇಬು ತುಂಬುವುದಿಲ್ಲ ಎಂದು ಜರ್ಮನಿಯ ತತ್ವಜ್ಞಾನಿ ಕಾಂಟ್ 1781ರಲ್ಲಿ ಕೊಟ್ಟ ಉತ್ತರ ಸಾಕು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ದೇವರಿಲ್ಲ ಅನ್ನುವವರ ಹತ್ತಿರ ಇರುವ ಗಟ್ಟಿ ವಾದ ಒಂದೇ, ಅದು ನೋವಿನ ವಾದ. ಗ್ರೀಸಿನ ಎಪಿಕ್ಯೂರಸ್ ಹೆಸರಿನಲ್ಲಿ ಸಾವಿರಾರು ವರ್ಷದಿಂದ ಬಂದಿರುವ ಪ್ರಶ್ನೆ. ಕೆಟ್ಟದ್ದನ್ನು ತಡೆಯಲು ದೇವರಿಗೆ ಮನಸ್ಸಿದೆ, ಕೈಲಾಗುವುದಿಲ್ಲವೋ? ಕೈಲಾಗುತ್ತದೆ, ಮನಸ್ಸಿಲ್ಲವೋ? ಎರಡೂ ಇದ್ದರೆ ಕೆಟ್ಟದ್ದು ಎಲ್ಲಿಂದ ಬಂತು?

2006ರಲ್ಲಿ ನನ್ನ ತಂಗಿಯ ಮಗಳಿಗೆ ರಕ್ತದ ಕ್ಯಾನ್ಸರ್ ಬಂತು. ಒಂಬತ್ತು ವರ್ಷ ಅವಳಿಗೆ. ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಐದು ತಿಂಗಳು ಇದ್ದಳು. ಕೂದಲು ಉದುರಿದ ಮೇಲೆ ಯಾರ ಜೊತೆಯೂ ಮಾತು ಬೇಡ ಅನ್ನುತ್ತಿದ್ದವಳು ಒಂದು ದಿನ ನನ್ನ ಹತ್ತಿರ ಮಣ್ಣಿನ ಪೀಪಿ ಕೇಳಿದಳು. ಹಕ್ಕಿಯ ಆಕಾರದ್ದು, ಬಾಲದಲ್ಲಿ ಊದಿದರೆ ಕೂಗುವುದು. ನಾನು ಪಾಟರಿ ಟೌನಿಗೆ ಹೋಗಿ ಎಷ್ಟೋ ವರ್ಷದ ಮೇಲೆ ಮಣ್ಣು ಮುಟ್ಟಿ ಮಾಡಿದೆ. ಸುಟ್ಟು, ತೊಳೆದು, ಕರ್ಚೀಫಿನಲ್ಲಿ ಸುತ್ತಿ ತಂದೆ. ಸೋಂಕಾಗುತ್ತದೆ, ಒಳಗೆ ಬಿಡುವಂತಿಲ್ಲ ಅಂದರು ನರ್ಸ್. ಅವರದು ತಪ್ಪಲ್ಲ. ಗಾಜಿನ ಬಾಗಿಲ ಹೊರಗೆ ಒಂದು ಸ್ಟೂಲ್ ಮೇಲೆ ಅದನ್ನು ಅವಳಿಗೆ ಕಾಣುವ ಹಾಗೆ ಇಟ್ಟೆ. ಅವಳು ಮಲಗಿದಲ್ಲಿಂದಲೇ ತುಟಿ ಮುಂದೆ ಮಾಡಿ ಊದುವ ಹಾಗೆ ಮಾಡಿದಳು, ನಾನು ಹೊರಗಿನಿಂದ ಪೀಪಿ ಊದಿದೆ. ಮೂರು ದಿನ ಹೀಗೆ ಆಡಿದೆವು. ನಾಲ್ಕನೇ ದಿನ ಅವಳಿಗೆ ಕಣ್ಣು ಬಿಡಲು ಆಗಲಿಲ್ಲ.

ಅದೇ ವಾರ ನೋಡಲು ಬಂದ ಒಬ್ಬ ಹಿರಿಯ ನೆಂಟರು ಕಾರಿಡಾರಿನಲ್ಲಿ ನನ್ನ ತಂಗಿಗೆ ಹೇಳಿದರು, ‘ಏನು ಮಾಡೋದಮ್ಮ, ಹಿಂದಿನ ಜನ್ಮದ ಕರ್ಮ, ಅನುಭವಿಸಿಯೇ ತೀರಬೇಕು.’ ಸಮಾಧಾನ ಹೇಳಬೇಕು ಅಂತಲೇ ಹೇಳಿದ್ದು, ಕೆಟ್ಟ ಮನಸ್ಸಿನಿಂದಲ್ಲ. ನನ್ನ ತಂಗಿ ಕೈಯಲ್ಲಿದ್ದ ಗಂಜಿಯ ಡಬ್ಬಿ ಬೆಂಚಿನ ಮೇಲಿಟ್ಟು ಅವರನ್ನೇ ನೋಡಿ ಕೇಳಿದಳು, ‘ಅವಳು ಏನು ಮಾಡಿದ್ದಳು ಅಂತ ಹೇಳಿ ಚಿಕ್ಕಪ್ಪ, ತಪ್ಪುಕಾಣಿಕೆ ನಾನು ಕಟ್ಟುತ್ತೇನೆ.’ ಅವರ ಹತ್ತಿರ ಉತ್ತರ ಇರಲಿಲ್ಲ. ಯಾರ ಹತ್ತಿರವೂ ಇಲ್ಲ.

ಕರ್ಮದ ಉತ್ತರವನ್ನು ನಾನು ಆಮೇಲೆ ಮೇಷ್ಟ್ರ ಜೊತೆ ಕೂತು ಕಲಿತೆ. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದಲ್ಲೇ ಈ ಪ್ರಶ್ನೆ ಇದೆ. ಒಬ್ಬರಿಗೆ ಸುಖ, ಒಬ್ಬರಿಗೆ ದುಃಖ ಕೊಟ್ಟ ದೇವರು ಪಕ್ಷಪಾತಿ ಅಲ್ಲವೇ, ಕ್ರೂರಿ ಅಲ್ಲವೇ ಎಂದು ಸೂತ್ರಕಾರರೇ ಕೇಳಿಕೊಂಡು, ಇಲ್ಲ, ಅವನು ಜೀವಿಗಳ ಕರ್ಮವನ್ನು ನೋಡಿ ಕೊಡುತ್ತಾನೆ ಅನ್ನುತ್ತಾರೆ. ಶಂಕರರು ಅದಕ್ಕೆ ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲಾ ಹೊಲಕ್ಕೂ ಒಂದೇ, ರಾಗಿಯೋ ಭತ್ತವೋ ಅನ್ನುವುದು ಬೀಜದ್ದು. ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು ಅಂದರೆ, ಮೊದಲು ಅನ್ನುವುದೇ ಇಲ್ಲ, ಸಂಸಾರ ಅನಾದಿ. ವಾದ ಒಪ್ಪವಾಗಿದೆ. ಆದರೆ ನನಗೆ ಎರಡು ಕಡೆ ಚುಚ್ಚುತ್ತದೆ. ಮಾಡಿದ್ದು ನೆನಪೇ ಇಲ್ಲದ ಮಗುವಿಗೆ, ಯಾವ ತಪ್ಪಿಗೆ ಅಂತ ಹೇಳದೆ ಕೊಡುವ ಶಿಕ್ಷೆಯಿಂದ ಯಾರಿಗೆ ಏನು ಬುದ್ಧಿ ಬಂತು? ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಎಲ್ಲಾ ನೋವೂ ಪಾಲಿಗೆ ಬಂದದ್ದೇ ಅನ್ನುವುದಾದರೆ ಮಲ ಹೊರುವವನದ್ದೂ ಪಾಲಿಗೆ ಬಂದದ್ದೇ, ಗುಡಿ ಹೊರಗೆ ನಿಲ್ಲಿಸಿದವರದ್ದೂ ಪಾಲಿಗೆ ಬಂದದ್ದೇ. ಈ ನಾಡಿನಲ್ಲಿ ಆ ಮಾತನ್ನು ಎಷ್ಟು ಜನರ ಬಾಯಿ ಮುಚ್ಚಿಸಲು ಬಳಸಿದ್ದೇವೆ ಅಂತ ನಿಮಗೂ ಗೊತ್ತು. ಇದನ್ನು ಹೇಳಿದಾಗ ಮೇಷ್ಟ್ರು ತುಂಬಾ ಹೊತ್ತು ಸುಮ್ಮನಿದ್ದರು. ‘ಆ ಸೂತ್ರ ದೇವರ ಮೇಲಿನ ಆಪಾದನೆಗೆ ಉತ್ತರ. ಅಳುವ ತಾಯಿಗೆ ಹೇಳಲಿ ಅಂತ ಬರೆದದ್ದಲ್ಲ’ ಅಂದರು.

ಮನುಷ್ಯರಿಗೆ ಸ್ವಂತ ಇಚ್ಛೆ ಕೊಟ್ಟಿರುವುದರಿಂದ ಕೆಟ್ಟದ್ದು ನಡೆಯುತ್ತದೆ, ದೇವರು ಬೇಕೆಂದು ಮಾಡಿದ್ದಲ್ಲ ಅನ್ನುವ ಉತ್ತರವೂ ಇದೆ. ನಮ್ಮ ಕಾಲದಲ್ಲಿ ಅಮೆರಿಕದ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ ಇದನ್ನು ಬಹಳ ಜಾಣತನದಿಂದ ಕಟ್ಟಿದ್ದಾರೆ. ಕೊಲೆಗೆ, ಯುದ್ಧಕ್ಕೆ ಅದು ಹೊಂದುತ್ತದೆ. ಆದರೆ ಒಂಬತ್ತು ವರ್ಷದ ಹುಡುಗಿಯ ರಕ್ತ ಕೆಟ್ಟದ್ದು ಯಾರ ಇಚ್ಛೆಯಿಂದ? 1755ರ ನವೆಂಬರ್ 1ರಂದು ಲಿಸ್ಬನ್ ನಗರದಲ್ಲಿ ಸಕಲ ಸಂತರ ಹಬ್ಬದ ಪ್ರಾರ್ಥನೆಗೆ ಸೇರಿದ್ದವರ ಮೇಲೆಯೇ ಚರ್ಚುಗಳು ಕುಸಿದವಲ್ಲ, ಆ ಭೂಕಂಪ ಯಾರ ಇಚ್ಛೆ? ಕಾಡ್ಗಿಚ್ಚಿನಲ್ಲಿ ಸುಟ್ಟು, ಯಾರ ಕಣ್ಣಿಗೂ ಬೀಳದೆ ದಿನಗಟ್ಟಲೆ ನರಳಿ ಸಾಯುವ ಒಂದು ಜಿಂಕೆ ಮರಿಯನ್ನು ನೆನೆಸಿಕೊಳ್ಳಿ ಎಂದು ಅಮೆರಿಕದವರೇ ಆದ ತತ್ವಜ್ಞಾನಿ ವಿಲಿಯಂ ರೋ 1979ರಲ್ಲಿ ಬರೆದರು. ಆ ನೋವಿನಿಂದ ಯಾರಿಗೂ ಯಾವ ಪಾಠವೂ ಇಲ್ಲ. ಇದಕ್ಕೆ ನಂಬುವವರು ಕೊಡುವ ಕೊನೆಯ ಉತ್ತರ, ದೇವರ ಲೆಕ್ಕ ನಮಗೆ ಅರ್ಥವಾಗುವುದಿಲ್ಲ ಎಂಬುದು. ಇರಬಹುದು. ಆದರೆ ಮಡಕೆ ನೋಡಿ ಕುಂಬಾರನ ಜಾಣತನ ಅರ್ಥವಾಗುತ್ತದೆ ಅಂದವರು, ಬಿರುಕು ತೋರಿಸಿದಾಗ ಮಾತ್ರ ಕುಂಬಾರ ಅರ್ಥವಾಗುವುದಿಲ್ಲ ಅನ್ನುವುದು ನ್ಯಾಯವಲ್ಲ.

ಹುಡುಗಿ ಹೋದ ಹದಿಮೂರನೇ ದಿನ ಇನ್ನೊಂದು ನಡೆಯಿತು. ತಂಗಿಯ ಮೈದುನ ವಿಚಾರವಾದಿ. ಒಳ್ಳೆಯ ಹುಡುಗ, ಆಸ್ಪತ್ರೆಯಲ್ಲಿ ಎರಡು ಸಲ ರಕ್ತ ಕೊಟ್ಟವನು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎಲ್ಲರೆದುರು ಅತ್ತಿಗೆಗೆ ಅಂದ, ‘ಈಗಲಾದರೂ ಹೇಳಿ, ಎಲ್ಲಿದ್ದಾನೆ ನಿಮ್ಮ ದೇವರು?’ ಅವಳು ದೀಪದ ಕಂಬ ಉಜ್ಜುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. ಅವನ ವಾದ ಸರಿ ಇತ್ತು. ಆ ವಾದವನ್ನು ಅವಳ ಮೇಲೆ ಎಸೆದದ್ದು ಸರಿ ಇರಲಿಲ್ಲ. ಕರ್ಮ ಅಂದ ಹಿರಿಯರಿಗೂ ಇವನಿಗೂ ಆ ದಿನ ಏನೂ ವ್ಯತ್ಯಾಸ ಕಾಣಲಿಲ್ಲ ನನಗೆ. ಕೆಲವು ತಿಂಗಳ ಮೇಲೆ ನಾನೇ ಮೆಲ್ಲಗೆ ಕೇಳಿದೆ, ಇನ್ನೂ ದೀಪ ಹಚ್ಚುತ್ತೀಯಲ್ಲ ಅಂತ. ‘ಬೈಯೋಕಾದರೂ ಯಾರಾದರೂ ಬೇಕಲ್ಲಣ್ಣ’ ಅಂದಳು. ಇದು ಯಾವ ತತ್ವಶಾಸ್ತ್ರಕ್ಕೂ ಪುರಾವೆ ಅಲ್ಲ. ಆದರೆ ಅವಳನ್ನು ಪುಕ್ಕಲಿ ಅನ್ನುವವರು ನನ್ನೆದುರು ಬಂದು ಅನ್ನಲಿ.

ನೀವು ಎಲ್ಲಿ ನಿಂತಿದ್ದೀರಿ ಅಂತ ಕೇಳಬಹುದು. ಹೇಳುತ್ತೇನೆ. ಜಗತ್ತನ್ನು ಕುಂಬಾರನ ಹಾಗೆ ಕೂತು ಮಾಡಿದ, ಎಲ್ಲವನ್ನೂ ಬಲ್ಲ, ಎಲ್ಲವೂ ಕೈಲಾಗುವ, ಎಲ್ಲರ ಮೇಲೂ ಕರುಣೆ ಇರುವ ಒಬ್ಬ ಇದ್ದಾನೆ ಅಂತ ನನಗೆ ನಂಬಲು ಆಗುತ್ತಿಲ್ಲ. ಆ ಗಾಜಿನ ಬಾಗಿಲು ಅಡ್ಡ ಬರುತ್ತದೆ. ಹಾಗಂತ ಮಣ್ಣು ಯಾಕಿದೆ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ ಅಂತಲೂ ಹೇಳಲಾರೆ. 1990ರ ಆಸುಪಾಸಿನಲ್ಲಿ ಸಾಹಿತಿ ಎ.ಎನ್. ಮೂರ್ತಿರಾಯರು ‘ದೇವರು’ ಎಂಬ ಪುಸ್ತಕವನ್ನೇ ಬರೆದು ತಮಗೆ ಯಾಕೆ ನಂಬಿಕೆ ಇಲ್ಲ ಅಂತ ಸಮಾಧಾನವಾಗಿ ಹೇಳಿದರು, ಒಂದು ಕಡೆಯೂ ಯಾರನ್ನೂ ಹೀಯಾಳಿಸದೆ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಕಳೆದ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಖಾದಿ ಜುಬ್ಬಾ, ಬಿಳಿ ಟೋಪಿ ಹಾಕಿಕೊಂಡು ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅನ್ನುತ್ತಿದ್ದ ಅವರನ್ನು ಈ ಊರು ಮೇಷ್ಟ್ರೇ ಅಂತಲೇ ಕರೆಯಿತು. ಅದ್ಯಾವ ಊರೋ ಅಲ್ಲ, ಇದೇ ಬಸವನಗುಡಿ.

ಇದೆಲ್ಲಾ ಈಗ ಯಾಕೆ ಅಂದರೆ, ಹೋದ ತಿಂಗಳು ನನ್ನ ಮೊಮ್ಮಗಳು ಶಾಲೆಯಲ್ಲಿ ‘ದೇವರನ್ನು ಯಾರು ಮಾಡಿದ್ದು?’ ಅಂತ ಕೇಳಿದ್ದಕ್ಕೆ ತರಗತಿಯ ಹೊರಗೆ ನಿಂತು ಬಂದಳು. ಹಾಗೆಲ್ಲ ಕೇಳಬಾರದು, ಪಾಪ ಬರುತ್ತದೆ ಅಂದರಂತೆ. ಎಂಟು ವರ್ಷದ ಮಗು ಮಳಖೇಡದ ಜಿನಸೇನರ ಪ್ರಶ್ನೆಯನ್ನು ಯಾರೂ ಹೇಳಿಕೊಡದೆ ತಾನಾಗಿಯೇ ಕೇಳಿದೆ. ಭಲೇ ಅನ್ನಬೇಕಾದಲ್ಲಿ ಹೊರಗೆ ನಿಲ್ಲಿಸಿದ್ದಾರೆ. ನಾನು ರಾತ್ರಿ ಅವಳಿಗೆ ಉದಯನರ ಮಡಕೆಯನ್ನೂ ಹೇಳಿದೆ, ಧರ್ಮಕೀರ್ತಿಯ ಹುತ್ತವನ್ನೂ ಹೇಳಿದೆ. ಮಡಕೆಯ ತಾಳಕ್ಕೆ ಶಿವನನ್ನೇ ಕುಣಿಸಿದ ಕುಂಬಾರ ಗುಂಡಯ್ಯನ ಕಥೆಯನ್ನು ನನ್ನ ಹೆಂಡತಿ ಹೇಳಿದಳು. ಅವಳು ನಂಬುವವಳು. ಮಗು ಮೂರನ್ನೂ ಕೇಳಿಸಿಕೊಂಡು, ಗೆದ್ದಲಿಗೆ ಕಣ್ಣು ಇರುತ್ತಾ ಅಂತ ಕೇಳಿ ಮಲಗಿತು. ಎಲ್ಲಾ ಶಾಲೆಯಲ್ಲೂ ಇದನ್ನು ಹೀಗೆ ಎರಡೂ ಕಡೆಯಿಂದ ಹೇಳಿಕೊಟ್ಟರೆ ಯಾವ ದೇವರಿಗೆ ಏನು ನಷ್ಟ? ಮಾಧ್ವರು, ಶ್ರೀವೈಷ್ಣವರು, ಜೈನರು, ಶರಣರು ಒಬ್ಬರ ವಾದವನ್ನೊಬ್ಬರು ಎಳೆ ಎಳೆಯಾಗಿ ಬಿಚ್ಚಿ ನೋಡಿದ ನಾಡು ಇದು. ನಮ್ಮ ಮಕ್ಕಳಿಗೆ ಪೇಲಿಯ ಗಡಿಯಾರವಾದರೂ ಎಲ್ಲೋ ಅಂತರ್ಜಾಲದಲ್ಲಿ ಸಿಗುತ್ತದೆ, ಜಿನಸೇನರ ಹೆಸರು ಕಿವಿಗೇ ಬಿದ್ದಿರುವುದಿಲ್ಲ.

ಕೊನೆಯದಾಗಿ ಆ ಇಬ್ಬರು ಪತ್ರ ಬರೆದವರಿಗೆ ನಿಮ್ಮ ಮೂಲಕ ಒಂದು ಕೋರಿಕೆ. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು, ಕೃಷ್ಣರಾವ್ ಪಾರ್ಕಿನ ಆ ಬೆಂಚಿನಲ್ಲಿ ಈಗ ನಾನೊಬ್ಬನೇ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಇರುತ್ತೇನೆ, ಬನ್ನಿ. ಪಾಟರಿ ಟೌನಿನಲ್ಲಿ ಮಾವನ ಮಗ ಈಗಲೂ ತಿಗರಿ ನಡೆಸುತ್ತಿದ್ದಾನೆ. ದೀಪಾವಳಿಗೆ ಮುಂಚೆ ಹಣತೆಯ ಆವಿಗೆ ತೆರೆಯುತ್ತಾರೆ, ಅಲ್ಲಿಗೂ ಒಟ್ಟಿಗೆ ಹೋಗೋಣ. ಬಿಸಿ ಆರಿದ ಮೇಲೆ ಒಂದೊಂದನ್ನೇ ತಟ್ಟಿ ನೋಡುವುದನ್ನು ನಾನು ಹೇಳಿಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ಕುಂಬಾರರ ಮನೆಯವನು,
ಬಸವನಗುಡಿ, ಬೆಂಗಳೂರು